ಅಡುಗೆ ಮಾಡುವವರ ತಟ್ಟೆ ಮತ್ತು ಸಕ್ಕರೆ ಕಾಯಿಲೆ

(ನಮ್ಮ ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಮಾತಿನ ಬರಹರೂಪ)

 

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಡಾಕ್ಟರ್ ಅಲ್ಲ, ಡಯಟೀಷಿಯನ್ನೂ ಅಲ್ಲ. ಹೈಟೆಕ್ ಸಿಟಿಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ಕಳೆದ ಯುಗಾದಿ ಊಟದಲ್ಲಿ ನಾನು ಬ್ಯಾಗಿನಿಂದ ನೋಟ್‌ಬುಕ್ ತೆಗೆದು ನಮ್ಮ ಅತ್ತೆ ತಿಂದ ಹೋಳಿಗೆಯ ಲೆಕ್ಕ ಬರೆದುಕೊಳ್ಳುವುದನ್ನು ಕಾರ್ಯದರ್ಶಿಯವರು ನೋಡಿದರು. "ಇದೇನ್ರೀ, ಹೋಳಿಗೆಗೂ ಲೆಕ್ಕವಾ?" ಎಂದು ನಕ್ಕರು. ಎರಡು ತಿಂಗಳಾದ ಮೇಲೆ ಫೋನ್ ಮಾಡಿ, "ನಿಮ್ಮ ನೋಟ್‌ಬುಕ್ ಬಗ್ಗೆಯೇ ಮಾತಾಡಿ" ಎಂದರು. ಹಾಗಾಗಿ ಇವತ್ತು ನಾನು ಹೇಳುವುದು ಆ ನೋಟ್‌ಬುಕ್ಕಿನಲ್ಲಿ ಇರುವುದನ್ನು. ಔಷಧಿಯ ವಿಷಯ ನಿಮ್ಮ ನಿಮ್ಮ ಡಾಕ್ಟರ ಹತ್ತಿರವೇ ಮಾತಾಡಬೇಕು.

ನಮ್ಮದು ಕಲಬುರಗಿ ಕಡೆ. ನಮ್ಮ ಮಾವನವರಿಗೆ ಇಪ್ಪತ್ತು ವರ್ಷ ಸಕ್ಕರೆ ಕಾಯಿಲೆ ಇತ್ತು. ಆ ಇಪ್ಪತ್ತು ವರ್ಷವೂ ಅವರ ಊಟವನ್ನು ನೋಡಿಕೊಂಡವರು ಅತ್ತೆ. ಎಷ್ಟು ಹೊತ್ತಿಗೆ ರೊಟ್ಟಿ, ಎಷ್ಟು ಪಲ್ಯ, ಅನ್ನ ಯಾವಾಗ ಬೇಡ, ಹಣ್ಣು ಎಷ್ಟು ಹೋಳು, ಎಲ್ಲವೂ ಬಾಯಿಪಾಠ. ಮಾವನವರು ತೀರಿಕೊಂಡ ಮೇಲೆ ಅತ್ತೆ ಕೂಕಟ್‌ಪಲ್ಲಿಗೆ, ನಮ್ಮ ಮನೆಗೆ ಬಂದರು. ಬಂದ ಎರಡನೇ ತಿಂಗಳಲ್ಲಿ ರಕ್ತಪರೀಕ್ಷೆ ಮಾಡಿಸಿದೆವು. ಎಚ್‌ಬಿಎ1ಸಿ 9.2.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆ ಪರೀಕ್ಷೆ ನಮ್ಮ ರಕ್ತದ ಸಕ್ಕರೆ ಕಳೆದ ಎರಡು ಮೂರು ತಿಂಗಳಲ್ಲಿ ಸರಾಸರಿ ಹೇಗಿತ್ತು ಎಂದು ತೋರಿಸುತ್ತದೆ. ಕೆಂಪು ರಕ್ತಕಣಗಳ ಆಯಸ್ಸು ಸುಮಾರು 120 ದಿನ. ಅಷ್ಟು ದಿನ ಅವಕ್ಕೆ ಅಂಟಿಕೊಂಡ ಸಕ್ಕರೆಯ ಲೆಕ್ಕ ಅದು. 5.7ಕ್ಕಿಂತ ಕೆಳಗಿದ್ದರೆ ಸರಿ, 5.7ರಿಂದ 6.4 ಇದ್ದರೆ ಗಡಿಯಲ್ಲಿದ್ದೀರಿ, 6.5 ಮತ್ತು ಅದಕ್ಕಿಂತ ಮೇಲಿದ್ದರೆ ಕಾಯಿಲೆ ಇದೆ ಎಂದರ್ಥ. ಕಾಯಿಲೆ ಇರುವವರಿಗೆ ಸಾಮಾನ್ಯವಾಗಿ 7ರೊಳಗೆ ಇಟ್ಟುಕೊಳ್ಳಿ ಎನ್ನುತ್ತಾರೆ, ವಯಸ್ಸಾದವರಿಗೆ ಡಾಕ್ಟರು ಇನ್ನೂ ಸ್ವಲ್ಪ ಸಡಿಲ ಬಿಡುತ್ತಾರೆ. 9.2 ಯಾವ ಲೆಕ್ಕದಲ್ಲೂ ಸರಿಯಲ್ಲ.

ಅತ್ತೆಗೆ ಆಶ್ಚರ್ಯವೇ ಆಗಲಿಲ್ಲ. "ಊರಾಗಿದ್ದಾಗ ಒಮ್ಮೆ ತೋರಸೀನಿ, ಸ್ವಲ್ಪ ಅದ ಅಂದಿದ್ರು" ಎಂದರು. ಯಾವಾಗ ಎಂದು ಕೇಳಿದರೆ ನಾಲ್ಕು ವರ್ಷದ ಹಿಂದೆ. ಮಾತ್ರೆ ಬರೆದುಕೊಟ್ಟಿದ್ದರು, ಮುಗಿಯುವವರೆಗೆ ತೆಗೆದುಕೊಂಡು ಬಿಟ್ಟಿದ್ದರು. ಗಂಡನ ಸಕ್ಕರೆಯನ್ನು ಇಪ್ಪತ್ತು ವರ್ಷ ಕಾದವರು ತಮ್ಮದನ್ನು ಹಾಗೇ ಬಿಟ್ಟಿದ್ದರು. ನಾನು ಏನಾದರೂ ಹೇಳಬೇಕೆಂದರೆ, "ನಂದೇನ ಅದಾವಾ, ಎಲ್ಲಾರ್ದೂ ಆದ ಮ್ಯಾಲ ನೋಡಿದ್ರಾತು" ಎಂದುಬಿಟ್ಟರು.

ಇಲ್ಲಿ ಕೂತಿರುವ ಎಷ್ಟೋ ಜನ ಈ ಮಾತನ್ನು ನಿಮ್ಮ ಅಮ್ಮನ ಬಾಯಲ್ಲಿ ಕೇಳಿದ್ದೀರಿ. ಕೆಲವರು ನೀವೇ ಹೇಳಿದ್ದೀರಿ.

ಡಾಕ್ಟರು ಮಾತ್ರೆ ಬರೆದುಕೊಟ್ಟರು, ಜೊತೆಗೆ ಅಚ್ಚುಹಾಕಿದ ಒಂದು ಹಾಳೆ ಕೊಟ್ಟರು. ತಿನ್ನಬಾರದ್ದು ಎಡಕ್ಕೆ, ತಿನ್ನಬಹುದಾದ್ದು ಬಲಕ್ಕೆ. ಸಕ್ಕರೆ, ಸಿಹಿ, ಆಲೂಗಡ್ಡೆ, ಬಾಳೆಹಣ್ಣು ಎಡಕ್ಕೆ. ಓಟ್ಸ್, ಸಲಾಡ್, ಮಲ್ಟಿಗ್ರೇನ್ ಚಪಾತಿ ಬಲಕ್ಕೆ. ಆ ಹಾಳೆ ಮೂರು ತಿಂಗಳು ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಇತ್ತು. ಮೂರು ತಿಂಗಳಾದ ಮೇಲೆ 9.2 ಹೋಗಿ 8.8 ಆಗಿತ್ತು. ಸಿಹಿ ಬಿಟ್ಟಿದ್ದರು, ಆಲೂಗಡ್ಡೆ ಬಿಟ್ಟಿದ್ದರು, ಮಾತ್ರೆಯನ್ನೂ ತಪ್ಪಿಸಿರಲಿಲ್ಲ. ಆದರೂ ಹೀಗೇಕೆ?

ಆಗ ಗ್ಲುಕೋಮೀಟರ್ ತಂದೆ. ನಮ್ಮ ಕೆಲಸದಲ್ಲಿ ಏನಾದರೂ ಕೆಟ್ಟರೆ ಮೊದಲು ಲಾಗ್ ನೋಡುತ್ತೇವೆ, ಯಾವ ಹೊತ್ತಿಗೆ ಏನಾಯಿತು ಎಂದು. ಇಲ್ಲಿ ಲಾಗೇ ಇರಲಿಲ್ಲ. ಊಟಕ್ಕೆ ಮುಂಚೆ ಒಮ್ಮೆ, ಊಟ ಶುರುಮಾಡಿದ ಎರಡು ಗಂಟೆಗೆ ಇನ್ನೊಮ್ಮೆ ನೋಡುವುದು, ಪಕ್ಕದಲ್ಲಿ ಏನು ತಿಂದರು, ಎಷ್ಟು ತಿಂದರು ಎಂದು ಬರೆಯುವುದು. ಒಂದೊಂದು ಸ್ಟ್ರಿಪ್‌ಗೂ ದುಡ್ಡು ಬೀಳುತ್ತದೆ, ಬೆರಳೂ ನೋಯುತ್ತದೆ, ಆದ್ದರಿಂದ ದಿನಾ ಅಲ್ಲ. ವಾರಕ್ಕೆ ಮೂರು ದಿನ, ಒಂದು ದಿನ ಒಂದೇ ಊಟ. ಎರಡು ಗಂಟೆಗೆ 180ರ ಒಳಗಿದ್ದರೆ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು. ನೋಟ್‌ಬುಕ್ ಹುಟ್ಟಿದ್ದು ಹೀಗೆ.

ಮೊದಲ ವಾರ ಸಿಕ್ಕ ಅಂಕಿಗಳು: ಮಧ್ಯಾಹ್ನದ ಊಟದ ಮೇಲೆ 244, 251, 238. ಶನಿವಾರ ನಾನು ಮನೆಯಲ್ಲಿದ್ದೆ, ಅವರು ಏನು ಉಣ್ಣುತ್ತಾರೆ ಎಂದು ಅಡುಗೆಮನೆಯಲ್ಲಿ ನಿಂತು ನೋಡಿದೆ. ಬೆಳಿಗ್ಗೆ ಅವರೇ ಮಾಡಿದ್ದು ಮೆಂತ್ಯೆಸೊಪ್ಪಿನ ಪಲ್ಯ, ಹೆಸರುಕಾಳಿನ ಉಸಳಿ, ಸೌತೆಕಾಯಿ ಪಚಡಿ, ರೊಟ್ಟಿ, ಅನ್ನ, ಸಾರು. ಮಗಳು ಉಂಡಳು, ನನ್ನ ಗಂಡ ಉಂಡರು, ನಾನೂ ಉಂಡೆ. ಚೆನ್ನಾಗಿತ್ತು, ಎರಡೆರಡು ಸಲ ಹಾಕಿಸಿಕೊಂಡೆವು. ಎಲ್ಲ ತೊಳೆದು ಬಳಿದು ಮೂರೂವರೆಗೆ ಅತ್ತೆ ತಟ್ಟೆ ಹಾಕಿಕೊಂಡರು. ಪಲ್ಯದ ಬೋಗುಣಿಯಲ್ಲಿ ಎರಡು ಚಮಚ ಉಳಿದಿತ್ತು. ಉಸಳಿ ಖಾಲಿ. ಪಚಡಿ ಖಾಲಿ. ಅನ್ನ ಬೇಕಾದಷ್ಟಿತ್ತು, ಸಾರು ಬೇಕಾದಷ್ಟಿತ್ತು. ಅನ್ನ ಚೆಲ್ಲಬಾರದು ಎಂದು ಎರಡು ಸಲ ಹಾಕಿಕೊಂಡರು.

ಫ್ರಿಜ್ಜಿನ ಬಾಗಿಲ ಮೇಲಿನ ಹಾಳೆಯಲ್ಲಿ ಇದು ಇರಲಿಲ್ಲ. ಮನೆಗೆಲ್ಲ ಶುಗರ್‌ಗೆ ಒಳ್ಳೆಯದಾದ ಅಡುಗೆಯೇ ಆಗುತ್ತಿತ್ತು. ಆದರೆ ಶುಗರ್ ಇರುವವರೇ ಕೊನೆಗೆ ಉಣ್ಣುತ್ತಿದ್ದರು. ಕೊನೆಗೆ ಪಾತ್ರೆಯಲ್ಲಿ ಉಳಿಯುವುದು ಯಾವಾಗಲೂ ಅನ್ನವೇ ಹೊರತು ಪಲ್ಯ ಅಲ್ಲ. ತಂಗಾಳಾದರೆ ರಾತ್ರಿಗೂ ಅದೇ.

ಇದೇ ಹೈದರಾಬಾದಿನ ತಾರ್ನಾಕದಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ, ಎನ್‌ಐಎನ್ ಎನ್ನುತ್ತೇವಲ್ಲ ಅದು. 1918ರಲ್ಲಿ ಕೂನೂರಿನಲ್ಲಿ ಸಣ್ಣದಾಗಿ ಶುರುವಾಗಿ ಆಮೇಲೆ ಇಲ್ಲಿಗೆ ಬಂದದ್ದು. ಅವರು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಒಂದು ತಟ್ಟೆಯ ಚಿತ್ರ ಇದೆ. ಸುಮಾರು ಅರ್ಧ ತಟ್ಟೆ ತರಕಾರಿ, ಸೊಪ್ಪು, ಗೆಡ್ಡೆ, ಹಣ್ಣು. ಉಳಿದರ್ಧದಲ್ಲಿ ಧಾನ್ಯ, ಬೇಳೆಕಾಳು, ಹಾಲು ಮೊಸರು, ಮಾಂಸ ತಿನ್ನುವವರಿಗೆ ಅದು. ಸಕ್ಕರೆ ಕಾಯಿಲೆಯವರಿಗೆಂದೇ ಬರೆದದ್ದಲ್ಲ, ಎಲ್ಲರಿಗೂ. ಆ ಚಿತ್ರವನ್ನು ನಾನು ಅತ್ತೆಯ ತಟ್ಟೆಯ ಪಕ್ಕ ಇಟ್ಟು ನೋಡಿದೆ. ನಮ್ಮ ತಟ್ಟೆಗಳೂ ಅಂಥ ಚೆನ್ನಾಗೇನೂ ಇರಲಿಲ್ಲ. ಅವರದ್ದರಲ್ಲಂತೂ ತರಕಾರಿ ಹುಡುಕಬೇಕಿತ್ತು.

ಇನ್ನು ಧಾನ್ಯದ ವಿಷಯ. ಇದರ ಬಗ್ಗೆ ನನಗೆ ಸ್ವಲ್ಪ ಹೆಚ್ಚು ಹೇಳಬೇಕಿದೆ, ಏಕೆಂದರೆ ವಾಟ್ಸಾಪ್‌ನಲ್ಲಿ ಅತಿ ಹೆಚ್ಚು ಓಡಾಡುವುದು ಇದೇ. ಅಕ್ಕಿ ವಿಷ, ರಾಗಿ ಅಮೃತ, ಜೋಳ ಔಷಧಿ. ಆಫೀಸಿನಲ್ಲಿ ಮೈಸೂರು ಕಡೆಯ ಗೆಳತಿಯೊಬ್ಬಳು, "ನಿಮ್ಮತ್ತೆಗೆ ರಾಗಿ ಗಂಜಿ ಕೊಡು, ಶುಗರ್ ಓಡಿಹೋಗುತ್ತೆ" ಎಂದಳು. ನಮ್ಮ ಕಡೆ ರಾಗಿ ಅಷ್ಟಾಗಿ ಬಳಸುವುದಿಲ್ಲ. ಆದರೂ ತಂದೆ. ಬೆಳಿಗ್ಗೆ ತಿಂಡಿಯ ಬದಲು ದೊಡ್ಡ ಲೋಟದಲ್ಲಿ ಎರಡು ಲೋಟ ಗಂಜಿ, ಮಜ್ಜಿಗೆ ಹಾಕಿ, ಸಕ್ಕರೆ ಬೆಲ್ಲ ಏನೂ ಇಲ್ಲದೆ. ಎರಡು ಗಂಟೆಗೆ 231. ಮಾರನೇ ವಾರ ಮತ್ತೆ, 226.

ಮಂಡ್ಯ, ಮೈಸೂರು ಕಡೆಯವರು ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ರಾಗಿ ಒಳ್ಳೆಯ ಧಾನ್ಯವೇ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ನಾರಿನಂಶವೂ ಪಾಲಿಶ್ ಅಕ್ಕಿಗಿಂತ ಎಷ್ಟೋ ಹೆಚ್ಚು. ಆದರೆ ಅದೇ 100 ಗ್ರಾಂನಲ್ಲಿ ಕಾರ್ಬೋಹೈಡ್ರೇಟ್, ಅಂದರೆ ಹೊಟ್ಟೆಯಲ್ಲಿ ಕರಗಿ ಬಹುಪಾಲು ಗ್ಲೂಕೋಸ್ ಆಗುವ ಪಿಷ್ಟ, ಸುಮಾರು 67ರಿಂದ 72 ಗ್ರಾಂ ಇದೆ. ಜೋಳದಲ್ಲೂ ಹೆಚ್ಚುಕಡಿಮೆ ಅಷ್ಟೇ. ಗೋಧಿಯಲ್ಲೂ ಅದರ ಆಸುಪಾಸು. ಅಕ್ಕಿಯಲ್ಲಿ 78ರ ಹತ್ತಿರ. ಭೂಮಿ ಆಕಾಶದ ವ್ಯತ್ಯಾಸ ಏನಿಲ್ಲ. ಅದರ ಮೇಲೆ, ಧಾನ್ಯವನ್ನು ನುಣ್ಣಗೆ ಹಿಟ್ಟು ಮಾಡಿ, ನೀರು ಹಾಕಿ ಚೆನ್ನಾಗಿ ಬೇಯಿಸಿ, ಕುಡಿಯುವ ಹಾಗೆ ಮಾಡಿದರೆ ಹೊಟ್ಟೆಗೆ ಕೆಲಸವೇ ಉಳಿಯುವುದಿಲ್ಲ. ಬೇಗ ಜೀರ್ಣವಾಗುತ್ತದೆ, ಬೇಗ ರಕ್ತಕ್ಕೆ ಇಳಿಯುತ್ತದೆ. ಹಲ್ಲಿಲ್ಲದ ಮಗುವಿಗೆ ರಾಗಿ ಮಣ್ಣಿ ಕೊಡುವುದು ಸುಲಭವಾಗಿ ಅರಗುತ್ತದೆ ಎಂದೇ ಅಲ್ಲವೇ? ಆ ಗುಣವೇ ಶುಗರ್ ಇರುವವರಿಗೆ ತೊಂದರೆ. ಗಂಜಿಯ ಬದಲು ಚಿಕ್ಕ ಮುದ್ದೆ, ಜೊತೆಗೆ ಬಟ್ಟಲು ತುಂಬ ಬಸ್ಸಾರಿನ ಕಾಳು ಸೊಪ್ಪು ಉಂಡರೆ ಅಂಕಿ ಬೇರೆಯೇ ಬರಬಹುದು. ನಿಮ್ಮ ಮನೆಯಲ್ಲಿ ನೋಡಿ ನನಗೂ ಹೇಳಿ.

ಈಗ ನಮ್ಮ ರೊಟ್ಟಿಯವರ ಸರದಿ. ನಾವು ಜೋಳದ ರೊಟ್ಟಿ ತಿನ್ನುವವರಿಗೆ ಒಂದು ಹೆಮ್ಮೆ ಇದೆ, ನಮಗೆ ಶುಗರ್ ಬರುವುದಿಲ್ಲ ಎಂದು. ಒಂದು ದಿನ ತಕ್ಕಡಿ ಇಟ್ಟು ಅತ್ತೆ ಒಂದು ರೊಟ್ಟಿಗೆ ತೆಗೆದುಕೊಳ್ಳುವ ಹಿಟ್ಟು ತೂಗಿದೆ. 65 ಗ್ರಾಂ. ಅಂದರೆ ಒಂದು ರೊಟ್ಟಿಯಲ್ಲಿ ಸುಮಾರು 45 ಗ್ರಾಂ ಕಾರ್ಬೋಹೈಡ್ರೇಟ್. ಒಂದು ಬಟ್ಟಲು ಅನ್ನ, 150 ಗ್ರಾಂನಷ್ಟು, ತೆಗೆದುಕೊಂಡರೆ 40ರ ಸುಮಾರು. ಒಂದು ರೊಟ್ಟಿ ಒಂದು ಬಟ್ಟಲು ಅನ್ನಕ್ಕಿಂತ ಸ್ವಲ್ಪ ಹೆಚ್ಚೇ! ಅತ್ತೆ ನಂಬಲಿಲ್ಲ. "ನಿನ್ನ ತಕ್ಕಡಿ ಸರಿ ಇಲ್ಲ" ಎಂದರು. ಅವರ ಪ್ರಕಾರ ರೊಟ್ಟಿ ಮೂರಾದರೂ ತಿನ್ನಬೇಕು, ಶುಗರ್‌ಗೆ ಒಳ್ಳೆಯದಲ್ಲವೇ.

ಆದರೆ ನೋಟ್‌ಬುಕ್ಕಿನಲ್ಲಿ ರೊಟ್ಟಿಯ ದಿನಗಳು ಅನ್ನದ ದಿನಗಳಿಗಿಂತ ಚೆನ್ನಾಗಿಯೇ ಇದ್ದವು. ಎರಡು ರೊಟ್ಟಿ, ಮೆಂತ್ಯೆ ಪಲ್ಯ, ಉಸಳಿ ಉಂಡ ದಿನ 168. ಯಾಕೆ? ರೊಟ್ಟಿಯನ್ನು ಬರೀ ಬಾಯಲ್ಲಿ ತಿನ್ನಲಾಗುವುದಿಲ್ಲ, ಪಲ್ಯ ಬೇಕೇಬೇಕು. ಅಗಿದು ನಿಧಾನ ತಿನ್ನಬೇಕು. ಎರಡಕ್ಕೆ ಹೊಟ್ಟೆ ತುಂಬುತ್ತದೆ. ಸಾರನ್ನ ಹಾಗಲ್ಲ, ಐದು ನಿಮಿಷದಲ್ಲಿ ಎರಡು ಬಟ್ಟಲು ಇಳಿದುಹೋಗುತ್ತದೆ. ಇದನ್ನು ಖಚಿತ ಮಾಡಿಕೊಳ್ಳಲು ಒಂದು ದಿನ ಅನ್ನವನ್ನೇ ಕೊಟ್ಟೆ. ಒಂದೇ ಬಟ್ಟಲು, ಅಳೆದು. ಮೊದಲು ಪಚಡಿ ಮತ್ತು ಉಸಳಿ ತಿನ್ನಿ, ಆಮೇಲೆ ಅನ್ನಕ್ಕೆ ಕೈಹಾಕಿ ಎಂದೆ. 181. ಅದೇ ಅನ್ನ, ಅದೇ ಸಾರು, ಅದೇ ಹೊಟ್ಟೆ. 244 ಎಲ್ಲಿ, 181 ಎಲ್ಲಿ.

ತರಕಾರಿ, ಕಾಳು ಮೊದಲು, ಪಿಷ್ಟ ಆಮೇಲೆ ಎಂಬುದು ನನ್ನ ಕಲ್ಪನೆಯಲ್ಲ. ಅಮೆರಿಕದಲ್ಲಿ 2015ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟವಾಗಿದೆ. ಚಿಕ್ಕದು, ಹನ್ನೊಂದು ಜನರ ಮೇಲೆ ಮಾಡಿದ್ದು. ಅದೇ ಊಟವನ್ನು ಕ್ರಮ ಬದಲಿಸಿ ಕೊಟ್ಟಾಗ, ಬ್ರೆಡ್ ಕೊನೆಗೆ ತಿಂದ ದಿನ ಸಕ್ಕರೆ ಕಡಿಮೆ ಏರಿತ್ತು. ನಮ್ಮ ಕಡೆ ಮದುವೆ ಊಟದ ಎಲೆಯಲ್ಲಿ ಕೋಸಂಬರಿ, ಪಲ್ಯ ಮೊದಲು ಬಡಿಸುತ್ತಾರೆ. ನಾವೇ ಅನ್ನ ಬರುವವರೆಗೆ ಕಾಯುತ್ತಾ ಕೂರುತ್ತೇವೆ.

ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆಯುವುದೂ ಕೆಲಸ ಮಾಡುತ್ತದೆ, ಸ್ನಾಯುಗಳು ಗ್ಲೂಕೋಸನ್ನು ಎಳೆದುಕೊಳ್ಳುತ್ತವೆ. ಅತ್ತೆ ಅಪಾರ್ಟ್‌ಮೆಂಟ್ ಕಾರಿಡಾರಿನಲ್ಲಿ ಓಡಾಡುತ್ತಾರೆ. ಎದುರು ಮನೆಯ ತೆಲುಗು ಅಜ್ಜಿಯೂ ಜೊತೆಯಾಗಿದ್ದಾರೆ. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಧವೇ ಬರುವುದು. ಮಾತು ಮಾತ್ರ ಮುಗಿಯುವುದಿಲ್ಲ.

ಕೆಲವು ಸಣ್ಣ ವಿಷಯ ಬೇಗ ಹೇಳಿಬಿಡುತ್ತೇನೆ. ಬೆಲ್ಲ, ಜೇನುತುಪ್ಪ ಎರಡೂ ಬಹುಪಾಲು ಸಕ್ಕರೆಯೇ; ಬಣ್ಣ ಬೇರೆ, ಮೀಟರಿಗೆ ಬಣ್ಣ ಕಾಣುವುದಿಲ್ಲ. ಶುಗರ್ ಫ್ರೀ ಎಂದು ಬರೆದ ಬಿಸ್ಕತ್ತಿನಲ್ಲಿ ಮೈದಾ ಇರುತ್ತದೆ, ಪೊಟ್ಟಣದ ಹಿಂದೆ ಓದಿ. ಚುರುಮುರಿ ಸೂಸಲ ತೂಕಕ್ಕೆ ಹಗುರ, ಶುಗರ್‌ಗೆ ಹಗುರ ಅಲ್ಲ. ಹಣ್ಣು ಹಣ್ಣಾಗಿ ತಿನ್ನಿ, ಜ್ಯೂಸ್ ಬೇಡ. ಪೇರಲ ಒಳ್ಳೆಯದು, ಬಂಗನಪಲ್ಲಿ ಮಾವಿಗೆ ಎರಡು ಹೋಳಿನ ಮೇಲೆ ನಿಲ್ಲುವ ಮನಸ್ಸಿದ್ದರೆ ತಿನ್ನಿ. ಹಾಗಲಕಾಯಿ ಕಹಿ ಎಂದ ಮಾತ್ರಕ್ಕೆ ಮೊದಲೇ ತಿಂದ ಸಿಹಿಯನ್ನು ಹೊಡೆದುಹಾಕುವುದಿಲ್ಲ, ಪಲ್ಯವಾಗಿ ತಿನ್ನಿ. ಚಹಾ ಮಾತ್ರ ನಮಗೆ ದೊಡ್ಡದೇ ಆಯಿತು. ಅತ್ತೆಗೆ ದಿನಕ್ಕೆ ನಾಲ್ಕು ಚಹಾ, ಒಂದೊಂದಕ್ಕೆ ಎರಡು ಚಮಚ. ಎಂಟು ಚಮಚ ಅಂದರೆ 40 ಗ್ರಾಂ ಸಕ್ಕರೆ. "ಸಿಹಿ ಬಿಟ್ಟೀನಿ" ಎನ್ನುವವರು ಚಹಾವನ್ನು ಸಿಹಿ ಎಂದು ಎಣಿಸುವುದೇ ಇಲ್ಲ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿದೆವು. ಈಗ ಎರಡು ಚಹಾ, ಸಕ್ಕರೆ ಇಲ್ಲ. ಇರಾನಿ ಹೋಟೆಲಿನ ಚಹಾಕ್ಕೆ ನನ್ನ ಬಳಿ ಉತ್ತರ ಇಲ್ಲ, ಅಲ್ಲಿ ಮೊದಲೇ ಬೆರೆಸಿಟ್ಟಿರುತ್ತಾರೆ.

ಕಿಡ್ನಿಗೆ ಪೆಟ್ಟಾಗಿರುವವರು ಬೇಳೆಕಾಳು ಹೆಚ್ಚಿಸುವ ಮುಂಚೆ ಡಾಕ್ಟರನ್ನು ಕೇಳಬೇಕು. ಇದನ್ನು ಮರೆಯಬೇಡಿ. ಹಾಗೆಯೇ ಟೈಪ್ 1 ಇರುವ ಮಕ್ಕಳ ತಾಯಂದಿರು ಯಾರಾದರೂ ಇದ್ದರೆ, ಊಟದ ಪಥ್ಯ ಇನ್ಸುಲಿನ್‌ಗೆ ಬದಲಿಯಲ್ಲ. 1922ರಲ್ಲಿ ಟೊರಾಂಟೊದಲ್ಲಿ ಮೊದಲ ಸಲ ರೋಗಿಗೆ ಇನ್ಸುಲಿನ್ ಕೊಡುವವರೆಗೆ ಆ ಮಕ್ಕಳಿಗೆ ಪಥ್ಯ ಒಂದೇ ಇತ್ತು, ಹೆಚ್ಚುಕಡಿಮೆ ಉಪವಾಸ ಕೆಡವುವ ಪಥ್ಯ. ಅದರಿಂದ ಕೆಲವು ಕಾಲ ಮುಂದೂಡುತ್ತಿದ್ದರು, ಅಷ್ಟೇ. ಯಾರು ಎಂಥ ಕಷಾಯ ಹೇಳಿದರೂ ಇನ್ಸುಲಿನ್ ನಿಲ್ಲಿಸಬೇಡಿ.

ಈಗ ಒಂದು ಸೋಮವಾರದ ಕಥೆ. ಇದನ್ನು ಹೇಳಲೆಂದೇ ನಾನು ಇವತ್ತು ಒಪ್ಪಿಕೊಂಡು ಬಂದದ್ದು.

ಶ್ರಾವಣ. ಅತ್ತೆ ಮೂವತ್ತು ವರ್ಷದಿಂದ ಶ್ರಾವಣ ಸೋಮವಾರ ಒಪ್ಪತ್ತು ಮಾಡುವವರು. ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ, ಮೀಟಿಂಗ್ ಮೇಲೆ ಮೀಟಿಂಗ್. ನಾಲ್ಕು ಗಂಟೆಯ ಹೊತ್ತಿಗೆ ಮಗಳು ಬಂದು, "ಅಮ್ಮ, ಅಜ್ಜಿ ನನ್ನ ಸೋನಿ ಅಂತ ಕರೀತಿದಾರೆ" ಎಂದಳು. ಸೋನಿ ಎಂದು ನಮ್ಮ ಮನೆಯಲ್ಲಿ ಯಾರೂ ಇಲ್ಲ. ನಾನು, "ಆಟ ಆಡ್ತಿದಾರೆ, ಹೋಗು" ಎಂದು ಮತ್ತೆ ಹೆಡ್‌ಫೋನ್ ಹಾಕಿಕೊಂಡೆ. ಇದನ್ನು ಹೇಳಿಕೊಳ್ಳಲು ನಾಚಿಕೆ ಆಗುತ್ತದೆ, ಆದರೂ ಹೇಳುತ್ತಿದ್ದೇನೆ. ಇನ್ನೂ ಐದು ನಿಮಿಷಕ್ಕೆ ಮಗಳು ಮತ್ತೆ ಬಂದಳು, ಈ ಸಲ ಅಳುತ್ತಾ. ಹೋಗಿ ನೋಡಿದರೆ ಅತ್ತೆ ದೇವರ ಮನೆಯ ಮುಂದೆ ಗೋಡೆಗೆ ಒರಗಿ ಕೂತಿದ್ದಾರೆ. ಫ್ಯಾನ್ ಕೆಳಗೇ ಮೈಯೆಲ್ಲ ಬೆವರು, ಕೈ ನಡುಗುತ್ತಿದೆ, ನನ್ನನ್ನು ನೋಡಿದರೂ ನೋಡದಂತೆ. ಮೀಟರ್ 48 ತೋರಿಸಿತು.

70ಕ್ಕಿಂತ ಕೆಳಗೆ ಹೋದರೆ ಸಕ್ಕರೆ ತೀರಾ ಇಳಿದಿದೆ ಎಂದರ್ಥ. ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿದೆ. ನುಂಗುತ್ತಿದ್ದರು, ಅದೇ ಪುಣ್ಯ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ನೇರ ಆಸ್ಪತ್ರೆಗೆ ಓಡಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದರೆ 76. ಆಮೇಲೆ ಹಾಲು, ಅರ್ಧ ರೊಟ್ಟಿ ತಿನ್ನಿಸಿದೆ. ಆ ಹದಿನೈದು ನಿಮಿಷ ನನ್ನ ಜೀವಮಾನದ ಅತಿ ಉದ್ದದ ಹದಿನೈದು ನಿಮಿಷ.

ಸರಿಹೋದ ಮೇಲೆ ಕೇಳಿದೆ, "ಅತ್ತೀ, ಬೆಳಿಗ್ಗೆ ಏನೂ ತಿಂದಿಲ್ಲ, ಮಾತ್ರೆ ತಗೊಂಡಿದ್ರಾ?"

"ಮಾತ್ರಿ ತಪ್ಪಸಬ್ಯಾಡ್ರಿ ಅಂತ ಡಾಕ್ಟ್ರು ಹೇಳ್ಯಾರ. ಉಪಾಸ ಮಾಡಬ್ಯಾಡ್ರಿ ಅಂತೇನ ಹೇಳಿಲ್ಲಲ್ಲ?"

ನಿಜ. ಯಾರೂ ಹೇಳಿರಲಿಲ್ಲ. ಅವರು ಕೇಳಿರಲೂ ಇಲ್ಲ. ನಾನು ಅಂಕಿ ಬರೆಯುವವಳು, ಏರಿದ್ದನ್ನೇ ನೋಡುತ್ತಿದ್ದೆ. ಇಳಿಯುವುದು ನನ್ನ ತಲೆಗೇ ಹೋಗಿರಲಿಲ್ಲ. ಅವರು ತೆಗೆದುಕೊಳ್ಳುತ್ತಿದ್ದ ಎರಡು ಮಾತ್ರೆಗಳಲ್ಲಿ ಒಂದು ಗ್ಲಿಮೆಪಿರೈಡ್. ನಾವು ಉಣ್ಣಲಿ ಬಿಡಲಿ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಹೊಟ್ಟೆಯಲ್ಲಿ ಊಟ ಇಲ್ಲದಿದ್ದರೆ ಇರುವ ಸಕ್ಕರೆಯೂ ಖಾಲಿ. ಎಲ್ಲ ಮಾತ್ರೆಗಳೂ ಹೀಗಲ್ಲ. ನಿಮ್ಮ ಮನೆಯಲ್ಲಿರುವ ಮಾತ್ರೆ ಯಾವ ಜಾತಿಯದು, ಊಟ ತಡವಾದರೆ ಏನಾಗುತ್ತದೆ, ಉಪವಾಸದ ದಿನ ಏನು ಮಾಡಬೇಕು ಎಂದು ಶ್ರಾವಣ, ನವರಾತ್ರಿ, ಏಕಾದಶಿ ಬರುವ ಮೊದಲೇ ಡಾಕ್ಟರನ್ನು ಕೇಳಿ. ನೀವಾಗಿಯೇ ಮಾತ್ರೆ ಬಿಡಬೇಡಿ, ಅರ್ಧ ಮಾಡಬೇಡಿ. ನಮ್ಮ ಡಾಕ್ಟರು ಮಾತ್ರೆ ಬದಲಿಸಿದರು. ಅತ್ತೆ ಈಗ ಶ್ರಾವಣದಲ್ಲಿ ಪೂಜೆ ಬಿಟ್ಟಿಲ್ಲ. ಹಾಲು, ಹಣ್ಣು, ಶೇಂಗಾ ಹೊತ್ತುಹೊತ್ತಿಗೆ ತೆಗೆದುಕೊಳ್ಳುತ್ತಾರೆ. ಉಪವಾಸದ ಸಾಬೂದಾನಿ ಖಿಚಡಿ ಮಾತ್ರ ನಿಂತಿತು. ಸಾಬೂದಾನಿ ಹೆಚ್ಚುಕಡಿಮೆ ಬರೀ ಪಿಷ್ಟ, ಇಡೀ ದಿನ ಖಾಲಿ ಹೊಟ್ಟೆಯಲ್ಲಿದ್ದು ಒಂದು ತಟ್ಟೆ ತಿಂದರೆ ಅಂಕಿ ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ನೋಡಿದ್ದೆವು, 268.

ಆ ಸೋಮವಾರದ ಮೇಲೆ ನಾನು ತಟ್ಟೆಯ ವಿಷಯದಲ್ಲಿ ಹಟ ಹಿಡಿದೆ. ರಾತ್ರಿ ಎಂಟಕ್ಕೆ ಎಲ್ಲರೂ ಒಟ್ಟಿಗೆ ಉಣ್ಣಬೇಕು. ಅತ್ತೆಯ ಪಾಲಿನ ಪಲ್ಯ, ಉಸಳಿ ಮೊದಲೇ ತೆಗೆದಿಡಬೇಕು. ಅವರು ಒಪ್ಪಲಿಲ್ಲ. "ಎಲ್ಲಾರ ಜೋಡಿ ನಾನೂ ಉಣ್ಣಾಕ ಕುಂತ್ರ ಬಡಸೋರು ಯಾರು? ಮಂದಿ ಏನಂದಾರು?" ಮನೆಯಲ್ಲಿ ಮಂದಿ ಎಲ್ಲಿದ್ದಾರೆ, ನಾವೇ ನಾಲ್ಕು ಜನ ಎಂದರೂ ಕೇಳಲಿಲ್ಲ. ತೆಗೆದಿಟ್ಟ ಪಲ್ಯವನ್ನು ಮಗನ ತಟ್ಟೆಗೆ ಹಾಕಿಬಿಡುತ್ತಿದ್ದರು. ನನಗೂ ಸಿಟ್ಟು ಬರುತ್ತಿತ್ತು, ಒಂದೆರಡು ಸಲ ದನಿ ಏರಿಸಿದ್ದೂ ಇದೆ. ಕೊನೆಗೆ ದಾರಿ ತೋರಿದ್ದು ನನ್ನ ಗಂಡ. ಬೋಗುಣಿಗಳನ್ನೆಲ್ಲ ಟೇಬಲ್ ಮಧ್ಯ ಇಟ್ಟು, ಯಾರಿಗೆ ಬೇಕೋ ಅವರೇ ಹಾಕಿಕೊಳ್ಳಿ ಎಂದರು. ತಾವೇ ಮೊದಲು ಅಮ್ಮನ ತಟ್ಟೆಗೆ ಪಲ್ಯ ಹಾಕಿದರು. ಮಗ ಹಾಕಿದ್ದನ್ನು ಎತ್ತಿ ಬೇರೆಯವರಿಗೆ ಹಾಕಲು ಅವರಿಗೆ ಮನಸ್ಸಾಗಲಿಲ್ಲ. ಸೊಸೆ ಆರು ತಿಂಗಳು ಹೇಳಿದ್ದು ಮಗ ಒಂದು ಸಲ ಮಾಡಿದ್ದಕ್ಕೆ ಆಯಿತು! ಇರಲಿ, ಆಯಿತಲ್ಲ. ಈಗ ಸಂಜೆಯ ತರಕಾರಿ ಹೆಚ್ಚುವುದು ಅವರ ಕೆಲಸ. ಬೆಂಡೆಕಾಯಿ ಒಂದೊಂದು ಒಂದೊಂದು ಅಳತೆ.

ಎಂಟು ತಿಂಗಳಿಗೆ ಅತ್ತೆಯ ಎಚ್‌ಬಿಎ1ಸಿ 7.3ಕ್ಕೆ ಬಂತು. ಅದರಲ್ಲಿ ಹೊಸ ಮಾತ್ರೆಯ ಪಾಲೂ ಇದೆ, ಎಲ್ಲವೂ ಪಲ್ಯದ ಮಹಿಮೆ ಎಂದು ನಾನು ಹೇಳುವುದಿಲ್ಲ. ಕೆಟ್ಟ ದಿನಗಳೂ ಇವೆ. ಹೋದ ವಾರ ಬೀದರಿನಲ್ಲಿ ಮದುವೆಗೆ ಹೋಗಿ ಬಂದೆವು, ಮಾರನೇ ದಿನ 240. ಯುಗಾದಿ ಬಂದಾಗ, "ಹಬ್ಬದ ದಿನ ಹೋಳಿಗಿ ಬಿಟ್ಟು ಸೌತಿಕಾಯಿ ತಿನ್ನಂತಿ ಏನವಾ ನೀ?" ಎಂದು ಜಗಳಕ್ಕೆ ನಿಂತರು. ತಿನ್ನಿ ಎಂದೆ. ಆದರೆ ಆವತ್ತು ಅನ್ನ ಬೇಡ, ಮೊದಲು ಕೋಸಂಬರಿ, ಪಲ್ಯ, ಆಮೇಲೆ ತುಪ್ಪ ಹಾಕಿ ಒಂದು ಹೋಳಿಗೆ. ಎರಡು ಗಂಟೆಗೆ 182. ಕಾರ್ಯದರ್ಶಿಯವರು ನೋಡಿ ನಕ್ಕ ಲೆಕ್ಕ ಅದೇ.

ಇನ್ನು ನನ್ನ ವಿಷಯ. ಇದನ್ನು ಇಲ್ಲಿರುವ ನನ್ನ ವಯಸ್ಸಿನವರಿಗಾಗಿ ಹೇಳುತ್ತೇನೆ. ಮಗಳು ಹೊಟ್ಟೆಯಲ್ಲಿದ್ದಾಗ ಆರನೇ ತಿಂಗಳಲ್ಲಿ ಗ್ಲೂಕೋಸ್ ನೀರು ಕುಡಿಸಿ ಪರೀಕ್ಷೆ ಮಾಡಿದರು, ನನಗೆ ಬಸಿರಿನ ಸಕ್ಕರೆ ಇದೆ ಎಂದರು. ಊಟದಲ್ಲೇ ಹತೋಟಿಗೆ ಬಂತು, ಹೆರಿಗೆ ಚೆನ್ನಾಗಿ ಆಯಿತು. ಆರರಿಂದ ಹನ್ನೆರಡು ವಾರದೊಳಗೆ ಮತ್ತೆ ಪರೀಕ್ಷೆ ಮಾಡಿಸಿ ಎಂದು ಡಿಸ್ಚಾರ್ಜ್ ಹಾಳೆಯಲ್ಲಿ ಬರೆದಿತ್ತು. ನಾನು ಆಗ ಕಲಬುರಗಿಯಲ್ಲಿ ತವರಿನಲ್ಲಿ ಅಂಟಿನ ಉಂಡೆ, ಅಳವಿ ಪಾಯಸ ತಿನ್ನುತ್ತಾ ಬಾಣಂತನದಲ್ಲಿದ್ದೆ. ಆಮೇಲೆ ಆಫೀಸು, ಮಗು, ರಾತ್ರಿ ಹತ್ತರ ಕಾಲ್‌ಗಳು. ಆ ಹಾಳೆ ನೆನಪಾದದ್ದು ಮೂರು ವರ್ಷದ ಮೇಲೆ, ಕಂಪನಿಯ ಹೆಲ್ತ್ ಚೆಕಪ್‌ನಲ್ಲಿ ನನ್ನದು 6.1 ಬಂದಾಗ. ಬಸಿರಿನಲ್ಲಿ ಸಕ್ಕರೆ ಬಂದವರಿಗೆ ಮುಂದೆ ಟೈಪ್ 2 ಬರುವ ಅಪಾಯ ಬಹಳ ಹೆಚ್ಚು. 2023ರಲ್ಲಿ ಬಂದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಕಾಯಿಲೆ ಇರುವವರು 10.1 ಕೋಟಿ, ನನ್ನ ಹಾಗೆ ಗಡಿಯಲ್ಲಿರುವವರು 13.6 ಕೋಟಿ.

ಇನ್ನೊಂದು, ನಮ್ಮಲ್ಲಿ ತುಂಬಾ ಜನರಿಗೆ ರಕ್ತಹೀನತೆ ಇದೆ. ಕಬ್ಬಿಣದ ಕೊರತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಆದ್ದರಿಂದ ಆ ಒಂದೇ ಅಂಕಿ ಹಿಡಿದು ಹೆದರಬೇಡಿ, ನಿಶ್ಚಿಂತೆಯಾಗಿಯೂ ಇರಬೇಡಿ. ಹಿಮೋಗ್ಲೋಬಿನ್, ಖಾಲಿ ಹೊಟ್ಟೆಯ ಸಕ್ಕರೆ ಜೊತೆಗೆ ನೋಡಿಸಿ, ಡಾಕ್ಟರಿಗೆ ತೋರಿಸಿ. ಖಾಲಿ ಹೊಟ್ಟೆಯದು 100ರ ಕೆಳಗಿರಬೇಕು, 126 ದಾಟಿದರೆ ಕಾಯಿಲೆ.

ನನ್ನ 6.1 ಗೊತ್ತಾದ ದಿನ ಅತ್ತೆ ಏನೂ ಅನ್ನಲಿಲ್ಲ. ಮಾರನೇ ದಿನದಿಂದ ನನ್ನ ಡಬ್ಬಿ ಬದಲಾಯಿತು. ಅನ್ನದ ಡಬ್ಬಿ ಚಿಕ್ಕದು, ಪಲ್ಯದ ಡಬ್ಬಿ ದೊಡ್ಡದು, ಮೇಲೆ ಒಂದು ಹಿಡಿ ನೆನೆಸಿದ ಶೇಂಗಾ. ಶುಕ್ರವಾರ ಟೀಮಿನವರ ಜೊತೆ ಬಿರಿಯಾನಿ ತಿಂದು ಬಂದರೆ ಮುಖ ನೋಡಿಯೇ ಕಂಡುಹಿಡಿಯುತ್ತಾರೆ. ನೋಟ್‌ಬುಕ್ಕಿನಲ್ಲಿ ಈಗ ಎರಡು ಕಾಲಂ ಇವೆ, ನನ್ನ ಕಾಲಂ ಅವರೇ ಬರೆಯುತ್ತಾರೆ. ಒಂದು ದಿನ ನನ್ನ ಹೆಸರಿನ ಮುಂದೆ "162, ರಾತ್ರಿ ಹನ್ನೊಂದಕ್ಕ ಉಂಡಾಳ" ಎಂದು ಬರೆದಿಟ್ಟಿದ್ದರು.

ಅತ್ತೆ ಇವತ್ತು ಮೂರನೇ ಸಾಲಿನಲ್ಲಿ ಕೂತಿದ್ದಾರೆ. ನಾನು ತಪ್ಪು ಹೇಳಿದ್ದರೆ ಅವರನ್ನೇ ಕೇಳಿ. ನೋಟ್‌ಬುಕ್, ಮೀಟರ್, ಹಿಟ್ಟಿನ ತಕ್ಕಡಿ ಮೂರನ್ನೂ ಪಕ್ಕದ ಟೇಬಲ್ ಮೇಲೆ ಇಟ್ಟಿದ್ದೇನೆ. ಸೂಜಿ ಒಬ್ಬೊಬ್ಬರಿಗೆ ಹೊಸದು, ಒಬ್ಬರಿಗೆ ಚುಚ್ಚಿದ್ದನ್ನು ಇನ್ನೊಬ್ಬರಿಗೆ ಬಳಸುವ ಹಾಗಿಲ್ಲ. ಊಟಕ್ಕೆ ಇನ್ನೂ ಇಪ್ಪತ್ತು ನಿಮಿಷ ಇದೆ ಎಂದು ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ. ಅಡುಗೆಯ ಉಸ್ತುವಾರಿ ವಹಿಸಿರುವ ಐದು ಜನ ಗೆಳತಿಯರು ಇನ್ನೂ ಒಳಗೇ ಇದ್ದಾರೆ. ಅವರ ಪಾಲಿನ ಕೋಸಂಬರಿ, ಪಲ್ಯ ತೆಗೆದಿಟ್ಟು ಆಮೇಲೆ ಪಂಕ್ತಿ ಶುರುಮಾಡೋಣ.